ರಾವಸ

ಬೈತಖೋಲದ ಧಕ್ಕೆ. ದೋಣಿಯ ಹೊಗೆ ಇನ್ನೂ ನೀರಿನ ಮೇಲೆ.
ಹೊಸ ಹೋಟೆಲಿನ ಅಡುಗೆಯ ಹುಡುಗ
ಮೊಣಕಾಲೂರಿ ಕೂತು ನನ್ನ ಬುಟ್ಟಿ ನೋಡಿ
'ಸಾಲ್ಮನ್' ಅಂದ.

ಅಲ್ಲವೋ, ಇದು ರಾವಸ.
ನಿಮ್ಮ ಮೆನುವಿನಲ್ಲಿ ಏನು ಬೇಕಾದರೂ ಬರೆದುಕೊಳ್ಳಿ.

ಅವನು ಹೇಳಿದ: ದೂರದ ತಣ್ಣನೆ ದೇಶದಲ್ಲಿ
ಹುಟ್ಟಿದ ಹೊಳೆಯ ವಾಸನೆ ಹಿಡಿದು ಸಮುದ್ರದಿಂದ ತಿರುಗಿ
ಜಲಪಾತ ಹಾರಿ, ಮೈ ಕೆಂಪಾಗಿ, ಉಪವಾಸ ಬಿದ್ದು
ಕಲ್ಲುಹರಳಿನ ನಡುವೆ ಮೊಟ್ಟೆಯಿಟ್ಟು
ಅಲ್ಲೇ ಸಾಯುತ್ತದಂತೆ ನಿಜವಾದ ಸಾಲ್ಮನ್.

ಪಾಪ, ಎಂದೆ.
ನಮ್ಮದಕ್ಕೆ ಅಷ್ಟು ಹಟವಿಲ್ಲ.
ಕಾಳಿ ಹತ್ತಿದರೆ ಕದ್ರಾದ ಅಣೆಕಟ್ಟೆಗೆ ತಲೆ ಬಡಿಯಬೇಕು.
ಇದು ಕೋಡಿಬಾಗದ ಕೆಳಗೆ, ಉಪ್ಪೂ ಸಿಹಿಯೂ
ಒಂದನ್ನೊಂದು ಬೈದುಕೊಳ್ಳುವ ರಾಡಿನೀರಲ್ಲಿ
ಬಾಲ್ಯ ಕಳೆಯುತ್ತದೆ. ಶೆಟ್ಲಿ ತಿನ್ನುತ್ತದೆ.
ಕಣ್ಣಿಗೆ ಕೊಬ್ಬಿನ ಪೊರೆ, ಬೆಣ್ಣೆಕಾಗದ ಸುತ್ತಿದ ಹಾಗೆ;
ಅದಕ್ಕೇ ಕೆನ್ನೆಯ ಕೆಳಗೆ ನಾಲ್ಕು ನೂಲು ಇಳಿಬಿಟ್ಟು
ತಡವುತ್ತ ಹೋಗುತ್ತದೆ,
ಕರೆಂಟು ಹೋದಾಗ ನಾನು ಬೆಂಕಿಪೊಟ್ಟಣ ಹುಡುಕುವ ಹಾಗೆ.

ಇಪ್ಪತ್ತಾರು ವರ್ಷ ಕೊಯ್ದಿದ್ದೇನೆ.
ಕನ್ನಡದಲ್ಲಿ ಮೀನಿಗೆ 'ಅದು' ಅಂದರೆ ಮುಗಿಯಿತು;
ಅವನೋ ಅವಳೋ ಕೇಳುವವರಿಲ್ಲ.
ಕೇಳುವುದು ಚೂರಿ ಒಂದೇ.
ಮೊಳಕ್ಕಿಂತ ಗಿಡ್ಡವಿದ್ದರೆ ಹೊಟ್ಟೆಯಲ್ಲಿ ಬಿಳಿ ಹಾಲು.
ತೋಳುದ್ದದ್ದು ಬಂತೋ, ಗಾಬೋಳಿ:
ಜೋಡಿ ಚೀಲ, ಹಳದಿ, ಬೆರಳಿಗೆ ರವೆಯಂತೆ.
ಮೊದಮೊದಲು ತಿಳಿಯಲಿಲ್ಲ. ಸಣ್ಣವೆಲ್ಲ ಗಂಡು ಹೇಗೆ,
ದೊಡ್ಡವೆಲ್ಲ ಹೆಣ್ಣು ಹೇಗೆ?
ನನ್ನ ಅತ್ತೆ ಶೇವಂತಿ ತಾಂಡೇಲ
ಚೂರಿ ಮಸೆಯುತ್ತ ಹೇಳಿದಳು:
'ಎರಡೂ ಒಂದೇ ಮೀನು, ಹುಚ್ಚಿ.
ಗಂಡಾಗಿ ಓಡಾಡಿ ಮುಗಿದ ಮೇಲೆ
ತಾಯಿಯಾಗುತ್ತದೆ. ಯಾರಿಗೂ ಹೇಳುವುದಿಲ್ಲ.'

ಒಂದು ಮಳೆಗಾಲ ಪೂರ್ತಿ ಅದೇ ಯೋಚನೆ.
ಒಳಗೆ ಎಲ್ಲ ಬದಲಾಗುವಾಗ
ಈಜು ಒಂದು ಗಳಿಗೆ ತಪ್ಪುತ್ತದೆಯೇ?
ಜೊತೆಯವು ನೂಲಿನಿಂದ ಮುಟ್ಟಿ ತಿಳಿಯುತ್ತವೆಯೇ?
ಮೊಟ್ಟೆಯನ್ನು ತೆರೆದ ನೀರಿಗೆ ಸುರಿದು
ಗೂಡಿಲ್ಲದೆ, ಗುರುತಿಲ್ಲದೆ, ಸಾಯದೆ
ಕೂರ್ಮಗಡದ ಆಚೆಗೆ ತಿರುಗುವಾಗ
ಹಳೆಯ ಗಂಡಸು ನೆನಪಾಗುತ್ತಾನೆಯೇ?

ಈಗ ಬುಟ್ಟಿ ನೋಡು.
ಹದಿನೇಳು. ಒಂದೂ ಮೊಳ ದಾಟಿಲ್ಲ.
ಬಲೆಯ ಕಣ್ಣು ಕಿರಿದಾದ ಮೇಲೆ ಹೀಗೇ;
ಕೊಯ್ದದ್ದೆಲ್ಲ ಹಾಲು, ಹಾಲು, ಹಾಲು.
ಗಾಬೋಳಿ ಕೈಗೆ ಹತ್ತಿ ಎರಡು ನಾರಳಿ ಹುಣ್ಣಿಮೆ ಕಳೆದವು.
ತಾಯಾಗುವ ಸರದಿ ಬರುವ ಮೊದಲೇ
ತಕ್ಕಡಿಗೆ ಬಂದು ಮಲಗುತ್ತವೆ
ಎಲ್ಲ ಹುಡುಗರೇ.

ಅವನು ಒಂದನ್ನೆತ್ತಿ ಅಂಗೈಯಲ್ಲೇ ತೂಗಿದ.
'ಪ್ಲೇಟಿಗೆ ಸರಿಯಾದ ಸೈಜು ಇದೇ, ಬಾಯಿ' ಅಂದ.
ದರ ಹೇಳಿದೆ. ಚೌಕಾಶಿ ಮಾಡಲಿಲ್ಲ.
ಅವನ ಹೆಬ್ಬೆರಳಿಗೆ ನಾಲ್ಕು ನೂಲು
ಒದ್ದೆಯಾಗಿ ಅಂಟಿಕೊಂಡಿದ್ದವು.
ನೋಡದೆಯೇ ಪ್ಯಾಂಟಿಗೆ ಒರೆಸಿಕೊಂಡ.