ಹಾಜರಿ

ಮೊದಲ ವಾರ ಬಾಗಿಲು ಮುಂದೆ ಮಾಡಿದೆ,
ಗುಟ್ಟು ಗುಟ್ಟಾಗಿರಲೆಂದು.
ಹುಲಿಗೆವ್ವ ಎದ್ದೇ ನಿಂತಳು:
"ತೆರದ ಇರ್ಲಿರಿ ಬಾಯಾರ."

ಮರುವಾರ ವಹಿ ತೆಗೆದು ಹೆಸರು ಕೇಳಿದೆ.
"ಹಾಜರ್," ಅಂದಳು.
ಅಂದವಳು ಅವಳಲ್ಲ,
ತಂತಿಬೇಲಿಯೊಳಗೆ ದಿನಕ್ಕೆ ಮೂರು ಸಲ
ಎಣಿಕೆಗೆ ನಿಂತ ಅವಳಜ್ಜಿ.

ಧಾರವಾಡದಲ್ಲಿ ನಾನು ಓದಿದ ಪುಸ್ತಕದೊಳಗೆ
ಹುಬ್ಬಳ್ಳಿಯ ಸೆಟ್ಲಮೆಂಟ್ ಇರಲಿಲ್ಲ,
ಎಲ್ಲಿ ಕಳುವಾದರೂ ಇದೇ ಕದ ಒದೆಯುವ ಬೂಟೂ.

ಈಗ ಹೊರಗೆ ಕಟ್ಟೆಯ ಮೇಲೆ ಕೂಡುತ್ತೇವೆ.
ಪೆನ್ನು ಚೀಲದಲ್ಲಿ.
ಅವಳಿಗೊಂದು ಮೊರ, ನನಗೊಂದು.
ಹಳ್ಳು ಸಿಕ್ಕಾಗೊಮ್ಮೆ ಒಂದು ಮಾತು ಬರುತ್ತದೆ;
ಕೆಲವು ದಿನ ಬರೀ ಅಕ್ಕಿ.

ನಿನ್ನೆ ಯಾರೋ ಹಿತ್ತಲ ಕದ ಬಡಿದರು.
ಅವಳ ಬೆರಳು ನಿಂತವು.
ಮೊರ ಅಲುಗಿತು, ಬೀಳಲಿಲ್ಲ.
"ಯಾರಂವಾ?" ಕೂತಲ್ಲಿಂದಲೇ ಕೂಗಿದಳು.

ಮೊಮ್ಮಗ, ಬಾಯ್ತುಂಬ ಬೆಲ್ಲ.
"ಬಾ ಕಳ್ಳಾ," ಅಂದಳು,
ಅಂದು, ನನ್ನತ್ತ ನೋಡಿದಳು.