ಸೂಜಿಯ ಬಾಯಿ

ಮೊದಲ ಸಲ ಇಟ್ಟದ್ದು ಮುನ್ನೂರರ ಹತ್ತಿರ.
ಸ್ಲೇಟಿನ ಚೂರಿಗೆ ಸಾಲು ಸಾಲಾಗಿ,
ನಾನೇ ಕೂತು ಹೊಲಿದಷ್ಟು ನೇರ.
ಮೂರನೇ ಬೆಳಗಿಗೆ ಅಷ್ಟಕ್ಕೂ ಹತ್ತಿ ಹುಟ್ಟಿತ್ತು,
ದಿಂಬಿನ ಹೊಲಿಗೆ ಬಿಚ್ಚಿ
ನೀರಿಗೆ ಸುರಿದ ಹಾಗೆ.

ಸುಂಟಿಕೊಪ್ಪದ ನನ್ನ ಟೈಲರ್ ಅಂಗಡಿಯಲ್ಲಿ
ಮೆಷಿನ್ನಿನ ಎಡಕ್ಕೆ ಏಂಜಲ್ ಮೀನಿನ ತೊಟ್ಟಿ,
ಬಲಕ್ಕೆ ಲೈನಿಂಗ್ ಬಟ್ಟೆಯ ರಾಶಿ.
ಅಳತೆ ಕೊಡಲು ಬಂದವರು ಕೈಯೆತ್ತಿ ನಿಂತು
ಮೀನು ನೋಡುತ್ತಾರೆ.
"ಇನ್ನೂ ಮರಿ ಆಗ್ಲಿಲ್ವಾ ದಮಯಂತಕ್ಕ?"
ಹೊಸ ಸೊಸೆಯನ್ನು ಕೇಳುವ ಅದೇ ಧಾಟಿ.

ಕುಶಾಲನಗರದ ಮೊಯ್ದುಕ್ಕನಿಗೆ ಫೋನು ಮಾಡಿದೆ.
"ನಿಮ್ಮೂರ ನೀರಿಗೆ ಚಳಿ ಜಾಸ್ತಿ.
ಇಪ್ಪತ್ತೆಂಟಕ್ಕೆ ಬೆಚ್ಚಗಿಡಿ, ಮಿಥಿಲೀನ್ ಬ್ಲೂ ಬಿಡಿ,
ಗಾಳಿ ಮಾತ್ರ ನಿಲ್ಲಿಸ್ಬೇಡಿ. ಮತ್ತೆ,
ಬಿಳಿಯಾದದ್ದನ್ನ ಆಗಿಂದಾಗ್ಗೆ ತೆಗೀರಿ.
ಬೂಷ್ಟು ಸತ್ತದ್ದರೊಳಗೆ ಮೊದಲು ಒಲೆ ಹೂಡುತ್ತೆ,
ಆಮೇಲೆ ಪಕ್ಕದ ಮನೆಯ ಬಾಗಿಲು ತಟ್ಟುತ್ತೆ."

ಎರಡನೇ ಸಲ ಇಟ್ಟದ್ದು ಆಟಿ ಹದಿನೆಂಟರ ಮರುದಿನ.
(ಪಕ್ಕದಂಗಡಿ ಬೋಪಣ್ಣನಿಗೆ ಕಕ್ಕಡ.)
ಪಾತ್ರೆಯ ತಳದಲ್ಲಿ ಮದ್ದುಸೊಪ್ಪಿನ ಪಾಯಸ
ಇನ್ನೂ ನೇರಳೆ.
ಸ್ಲೇಟನ್ನು ಉಪ್ಪಿನಕಾಯಿ ಜಾಡಿಗೆ ಎತ್ತಿದೆ,
ಹೆತ್ತವು ತಿಂದಾವು ಎಂಬ ಹೆದರಿಕೆಗೆ.
ಹನಿ. ಇನ್ನೊಂದು ಹನಿ.
ನೀರು ಮೊದಲು ತಿಳಿಯಾಕಾಶದ ಬ್ಲೌಸ್ ಪೀಸು,
ಆಮೇಲೆ ಕಾನ್ವೆಂಟಿನ ಯೂನಿಫಾರ್ಮು.
ಅಲ್ಲಿಗೆ ಮುಚ್ಚಳ ಬಿಗಿದೆ.

ತೊಟ್ಟಿಯಲ್ಲಿ ತಾಯಿ
ಸ್ಲೇಟಿದ್ದ ಖಾಲಿ ಜಾಗಕ್ಕೆ
ಇಡೀ ದಿನ ರೆಕ್ಕೆ ಬೀಸಿತು.
ನಡುನಡುವೆ ಬಾಯಿ ಮುಂದೆ ಮಾಡಿ
ಅಲ್ಲಿಲ್ಲದ ಯಾವುದನ್ನೋ ಹೆಕ್ಕಿ, ಆಚೆ ಉಗುಳಿತು.
ನಾನು ತಿನ್ನುವುದು ಅಂದುಕೊಂಡದ್ದು
ಇದನ್ನೇ.
ಸರಿ, ಕಿತ್ತುಕೊಂಡವಳೇ ಮಾಡಬೇಕು:
ಗಾಳಿಕಲ್ಲು ಅದರ ರೆಕ್ಕೆ,
ಒಂಬತ್ತನೇ ನಂಬರಿನ ಸೂಜಿ ಅದರ ಬಾಯಿ.

ಸಂಜೆ ಪೂವಪ್ಪ ತೋಟದಿಂದ ಬಂದರು.
ಮಳೆ ಬಿಟ್ಟ ನಾಲ್ಕು ದಿನದಲ್ಲಿ ಬೋರ್ಡೋ ಮುಗಿಸಬೇಕು;
ಮೊಣಕೈವರೆಗೆ ಸುಣ್ಣ, ಉಗುರಲ್ಲಿ ಮೈಲುತುತ್ತ.
"ನಿಂದೂ ನೀಲಿ, ನಂದೂ ನೀಲಿ.
ಕಾಫಿಗೂ ಕೊಳೆ, ಮೀನಿಗೂ ಕೊಳೆ. ಒಂದು ಚಮಚ ಬಿಡ್ಲಾ?"
ನಗುತ್ತಾ ಬೆರಳು ಜಾಡಿಯ ಕಡೆಗೆ.
ನಾನು ಕಿರುಚಿದ್ದು ಬೋಪಣ್ಣನಿಗೂ ಕೇಳಿತಂತೆ.
ತಾಮ್ರದ ನೀಲಿಗೆ ಈ ಪಿಳ್ಳೆಗಳು
ಒಂದು ಗಳಿಗೆ ತಡೆಯವು.
ಪಾಪ, ಎರಡೂ ಕೈ ದೂರ ಹಿಡಿದು
ಅಳತೆಗೆ ನಿಂತವರ ಹಾಗೆ ನಿಂತೇ ಇದ್ದರು.

ರಾತ್ರಿ ಎರಡಕ್ಕೆ ಕರೆಂಟು ಹೋಯಿತು.
ಗುಳ್ಳೆ ನಿಂತದ್ದು ನಿದ್ದೆಯಲ್ಲೇ ಗೊತ್ತಾಯಿತು,
ಮಗುವಿನ ಉಸಿರು ಬದಲಾದರೆ ಗೊತ್ತಾಗುವಂತೆ.
ಜಾಡಿಯ ಪಕ್ಕ ಬಿಸಿನೀರಿನ ಕ್ಯಾರಿಯರ್.
ಮೂರು ಸಲ ಸೋಪು ಹಾಕಿ ತೊಳೆದ ಕೈಯಲ್ಲಿ
ಅವರು ಫುಟ್‌ಬಾಲ್ ಪಂಪು ಒತ್ತಿದರು,
ನಾಲ್ಕೂವರೆವರೆಗೆ, ಮಾತಿಲ್ಲದೆ.
ಟಾರ್ಚು ನನ್ನ ಹಲ್ಲಲ್ಲಿ.
ಬಿಳಿಯಾದದ್ದು, ಕುಟುಕು. ಬಿಳಿಯಾದದ್ದು, ಕುಟುಕು.
ಪಕ್ಕದ್ದನ್ನು ಮುಟ್ಟದೆ.
ನಲವತ್ತಮೂರು.

ಮೂರನೇ ಸಾಲಲ್ಲಿ, ಎಡದಿಂದ ಏಳನೆಯದು
ಅರ್ಧ ಮಬ್ಬು.
ಅಂಬರಿನ ಹರಳೋ, ಹತ್ತಿಯ ಶುರುವೋ.
ಸೂಜಿ ಅದರ ಮುಂದೆ ಬಹಳ ಹೊತ್ತು ನಿಂತಿತು.
ಹೊಲಿಗೆಯಾದರೆ ತಪ್ಪಿದ್ದನ್ನು ಬಿಚ್ಚಬಹುದು.
ಬಿಟ್ಟೆ.

ಮೂರನೇ ದಿನ ಸ್ಲೇಟಿಗೆ ಬಾಲ ಬಂತು.
ತಲೆ ಅಂಟಿಸಿಕೊಂಡು ಅಷ್ಟೂ ಒಟ್ಟಿಗೆ ಒದರುತ್ತಿದ್ದವು,
ಗಾಳಿಗೆ ಸಿಕ್ಕ ಝಾಲರಿನಂತೆ.
ಎಣಿಸಲು ಹೋಗಿ ಎರಡು ಸಲ ಸೋತೆ.
ಮೂರನೇ ಸಾಲು, ಏಳನೆಯ ಜಾಗ ಖಾಲಿ.
ಒಡೆದು ಹೊರಬಂದು ಗುಂಪಿಗೆ ಸೇರಿತೋ,
ಕರಗಿ ನೀರಾಯಿತೋ.

ಈಗ ಅಂಗಡಿ ತೆಗೆದು ಕೂತಿದ್ದೇನೆ.
ನಾಳಿನ ಮದುವೆಯ ಬಿಳಿ ರವಿಕೆ, ಅದರ ತೋಳಂಚಿಗೆ
ನನ್ನ ಹೆಬ್ಬೆಟ್ಟಿನ ನೀಲಿ.
ನಿಂಬೆಹೋಳು ಉಜ್ಜುತ್ತಿದ್ದೇನೆ,
ಹೋಗುತ್ತಿಲ್ಲ.