ಮೂರನೆಯ ಸಾಲು

ಲೆಕ್ಕದ ಪುಸ್ತಕದಲ್ಲಿ ಅದು ಮೂರನೆಯ ಸಾಲು.
ದೋಣಿಗೆ ಡೀಸೆಲ್, ಹಗ್ಗ ಮತ್ತು ಕೊಕ್ಕೆ,
ಆಮೇಲೆ, ಡೆಡಿಕೇಟೆಡ್ ಸರ್ವರ್, ತಿಂಗಳ ಬಾಡಿಗೆ.
ದೋಣಿಯನ್ನು ಬಲ್ಲೆ. ಹಗ್ಗವನ್ನು ನಾನೇ ಮಾರುಹಾಕಿ ಅಳೆದು ಕೊಂಡವಳು.
ಮೂರನೆಯದಕ್ಕೆ ಹನ್ನೊಂದು ತಿಂಗಳಿಂದ ಸಹಿ ಹಾಕುತ್ತಿದ್ದೇನೆ,
ಮುಖ ಕಾಣದ ನೆಂಟನಿಗೆ ಉಡುಗೊರೆ ಕಳಿಸಿದ ಹಾಗೆ.

ರಕ್ಷಣಾ ತಂಡದ ವಾರ್ಷಿಕ ಸಭೆಯಲ್ಲಿ ಆರ್ನ್‌ಗ್ರೀಮುರ್ ಎದ್ದ.
ಮೂವತ್ತು ವರ್ಷ ಕಾಡ್ ಮೀನು ಸೀಳಿದ ಬೆರಳನ್ನು
ಆ ಸಾಲಿನ ಮೇಲೆ ಊರಿ ಕೇಳಿದ:
"ಇದೇನು ಸ್ಟೇನ್‌ವೋರ್? ತಿನ್ನುವುದೋ, ತೊಡುವುದೋ?"
ಎಲ್ಲರೂ ನಕ್ಕರು. ನಾನೂ ನಕ್ಕೆ.
ಖಜಾಂಚಿ ನಗಬಾರದಿತ್ತು.

ಅದಕ್ಕೇ ಈ ಬಸ್ಸು.
ಎರಡು ಕಣಿವೆ, ಒಂದು ಸುರಂಗ, ಥರ್ಮಾಸಿನ ಕಾಫಿ,
ತೊಡೆಯ ಮೇಲೆ ಬಿಲ್ಲುಗಳ ಕಟ್ಟು.

ಊರ ಹೊರಗೆ ಕಿಟಕಿಯಿಲ್ಲದ ಉದ್ದನೆಯ ಕೊಟ್ಟಿಗೆ.
ಕುರಿಯಿಲ್ಲ, ಹುಲ್ಲಿನ ವಾಸನೆಯಿಲ್ಲ,
ಆದರೂ ಒಳಗೆ ಏನೋ ಉಸಿರಾಡುತ್ತಿತ್ತು.
ಬಾಗಿಲು ತೆರೆದವಳು ಯಾಗ್ನಾ, ಪೋಲೆಂಡಿನಿಂದ ಬಂದವಳು,
ನಮ್ಮ ಐಸ್‌ಲ್ಯಾಂಡಿಕ್ ಅನ್ನು ನಮಗಿಂತ ನಿಧಾನವಾಗಿ,
ನಮಗಿಂತ ಶುದ್ಧವಾಗಿ ಆಡುವವಳು.

"ಮೋಡ ಗೀಡ ಅನ್ನಬೇಡಮ್ಮ," ಎಂದೆ ಮೊದಲೇ.
"ಮೋಡ ನನಗೆ ಗೊತ್ತು. ಅದು ಕವಿದಾಗಲೇ ನಾವು ದೋಣಿ ಇಳಿಸುವುದು."

ಕೊಂಚ ಯೋಚಿಸಿ ಅಂದಳು:
"ಸೆಪ್ಟೆಂಬರಿನಲ್ಲಿ ಬೆಟ್ಟದ ಕುರಿಗಳನ್ನೆಲ್ಲ ಇಳಿಸಿ
ದುಂಡು ದೊಡ್ಡಿಗೆ ತುಂಬುತ್ತೀರಲ್ಲ,
ಹತ್ತು ಮನೆಯವು ಒಟ್ಟಿಗೆ,
ನಿಮ್ಮ ಹಿಂದಿನ ಬಾಡಿಗೆ ಹಾಗಿತ್ತು. ಒಂದೇ ಯಂತ್ರ, ನೂರು ಮಂದಿ.
ಯಾರದೋ ಮಂದೆ ಬೆದರಿದರೆ
ನಿಮ್ಮ ಮರಿ ತುಳಿತಕ್ಕೆ."

ತುಳಿತ.
ಹಿಮ ಕುಸಿದ ಆ ರಾತ್ರಿ
ಯಾವ ದಾರಿ ಮುಚ್ಚಿದೆ, ಯಾವ ಮನೆ ತೊರೆಯಬೇಕು ಎಂದು
ಕೊಲ್ಲಿಯ ಎಲ್ಲ ಮನೆಗಳೂ ಒಮ್ಮೆಲೇ ನಮ್ಮ ಪುಟ ತಟ್ಟಿದವು.
ಪುಟ ತೆರೆಯಲಿಲ್ಲ.
ಅದೇ ಯಂತ್ರದಲ್ಲಿ ಯಾರೋ ಸೋಫಾ ಮಾರುತ್ತಿದ್ದರಂತೆ,
ಅರ್ಧ ಬೆಲೆಗೆ, ಮಧ್ಯರಾತ್ರಿಯವರೆಗೆ ಮಾತ್ರ.
ಟಾರ್ಚು ಹಿಡಿದು ಬಾಗಿಲಿಂದ ಬಾಗಿಲಿಗೆ ಓಡಿದೆವು.
ಎಲ್ಲರೂ ಉಳಿದರು.
ಹ್ರಾಫ್ನ್‌ಹಿಲ್ದುರ್‌ಳ ಎರಡು ಕಾಲ್ಬೆರಳು ಉಳಿಯಲಿಲ್ಲ.

"ಇಗೋ, ನಿಮ್ಮದು."
ಬೇಕರಿಯ ತಟ್ಟೆಯಷ್ಟೇ ದಪ್ಪದ ಕಪ್ಪು ಪೆಟ್ಟಿಗೆ,
ಮೇಲೊಂದು, ಕೆಳಗೊಂದು ಅಂಥದೇ. ಹಸಿರು ಚುಕ್ಕೆ ಮಿಟುಕುತ್ತಿತ್ತು.
"ಇದರಲ್ಲಿ ಬೇರೆ ಯಾರೂ ಇಲ್ಲವೇ?"
"ಇಲ್ಲ. ನೀವೇ."
"ಈಗ ಏನು ಮಾಡುತ್ತಿದೆ?"
ಪರದೆ ನೋಡಿದಳು. "ನೂರರಲ್ಲಿ ಎರಡು ಪಾಲು ಕೆಲಸ.
ಉಳಿದದ್ದು ಸುಮ್ಮನಿದೆ."

ತೊಂಬತ್ತೆಂಟು ಪಾಲು ಸುಮ್ಮನೆ!
ಹೊಟ್ಟೆಯಲ್ಲಿ ಲೆಕ್ಕದ ಪುಸ್ತಕ ಮಗುಚಿಕೊಂಡಿತು.
ದುಡ್ಡು ಕೊಟ್ಟು ಸುಮ್ಮನಿರುವುದನ್ನು ಕೊಂಡೆವೇ?

ಆಮೇಲೆ ದೋಣಿ ನೆನಪಾಯಿತು.
ವರ್ಷಕ್ಕೆ ಎಂಟೋ ಒಂಬತ್ತೋ ಸಲ ನೀರಿಗಿಳಿಯುವ ದೋಣಿ,
ಉಳಿದ ದಿನವೆಲ್ಲ ಕಟ್ಟೆಗೆ ಮೈ ತಿಕ್ಕುತ್ತ ನಿಂತಿರುತ್ತದೆ,
ಟ್ಯಾಂಕು ತುಂಬಿಕೊಂಡು.
ಮೀನಿಗೆ ಬಾಡಿಗೆ ಕೊಡೋಣ ಎಂದು
ಯಾರೂ ಅಂದಿಲ್ಲ. ಆರ್ನ್‌ಗ್ರೀಮುರ್ ಕೂಡ.

"ಕೆಟ್ಟರೆ?"
"ಪೆಟ್ಟಿಗೆ ಕೆಟ್ಟರೆ ನಾನಿದ್ದೇನೆ.
ಒಳಗಿನದು ನಿಮ್ಮದು. ಬೀಗವೂ ನಿಮ್ಮದೇ, ನಕಲೂ ನಿಮ್ಮದೇ.
ನಕಲು ಇಟ್ಟಿದ್ದೀರಿ ತಾನೆ?"
ನಾನು ಕೈಗವಸು ತೆಗೆಯುವುದರಲ್ಲಿ ತೊಡಗಿದೆ.
ಅವಳು ಒತ್ತಾಯಿಸಲಿಲ್ಲ. ಪೆಟ್ಟಿಗೆಯ ಹಿಂದೆ ಬಿಸಿಗಾಳಿ;
ಒದ್ದೆ ಉಣ್ಣೆಯನ್ನು ಅಲ್ಲಿ ಹಿಡಿದು ನಿಂತೆ,
ಹಸುವಿನ ಮೂಗಿಗೆ ಕೈ ಒಡ್ಡಿದಂತೆ.

ತಿರುಗಿ ಬರುವ ಬಸ್ಸಿನಲ್ಲಿ, ಸುರಂಗ ದಾಟಿದ ಮೇಲೆ,
ಮೂರನೆಯ ಸಾಲಿನ ಪಕ್ಕದಲ್ಲಿ ಆರ್ನ್‌ಗ್ರೀಮುರ್‌ಗೆಂದು ಬರೆದೆ:
ತಿನ್ನುವುದಲ್ಲ, ತೊಡುವುದಲ್ಲ,
ಕಾಯುವುದು.

ಅದರ ಕೆಳಗೆ, ಪೆನ್ಸಿಲಿನಲ್ಲಿ, ಸಣ್ಣಗೆ:
ನಕಲು ಯಾರ ಹತ್ತಿರ ಇದೆ?